ಬೇಲಿಯಾಚೆಯಿಂದ ಬಂದ ಫೋನು

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ದಾಸವಾಳದ ಬೇಲಿಯ ಮೇಲಿಂದ ಒಂದು ಕೈ ಈಚೆ ಬರುತ್ತದೆ. ಕೈಯಲ್ಲಿ ಫೋನು. "ಅಕ್ಕೋರೇ, ಶಾಲೆಯಿಂದ ಏನೋ ಬಂದೈತೆ, ಒಂಚೂರು ಓದಿ ಹೇಳಿ."

ಸಾಗರ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿ ಮನೆಗೆ ಬಂದವಳು ನಾನು. ಕೆಲಸ ಬಿಟ್ಟರೂ ಅಕ್ಕೋರು ಅನ್ನುವ ಹೆಸರು ಬಿಟ್ಟಿಲ್ಲ. ಪಕ್ಕದ ಮನೆಯಾಕೆ ನಾಲ್ಕನೇ ಕ್ಲಾಸಿನ ತನಕ ಓದಿದವಳು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಗಂಡ ಲಾರಿ ಓಡಿಸುತ್ತಾನೆ. ಇರುವವಳೊಬ್ಬಳೇ ಮಗಳು, ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು.

ಮೊನ್ನೆ ಬಂದಾಗ ಅವಳ ಮುಖ ಸಪ್ಪಗಿತ್ತು. "ಮಗು ಓದಿ ಹೇಳ್ತು ಅಕ್ಕೋರೇ, ವಾರ್ಡ್ ಅಂತ ಬರ್ದಿದಾರಂತೆ. ಆಸ್ಪತ್ರೆ ವಿಷಯ ಏನಾದ್ರೂ ಐತಾ?" ನಾನು ಫೋನು ತೆಗೆದುಕೊಂಡು ನೋಡಿದೆ. "ಡಿಯರ್ ಪೇರೆಂಟ್ಸ್, ಕೈಂಡ್ಲಿ ಎನ್ಶೂರ್ ದಟ್ ಯುವರ್ ವಾರ್ಡ್..." ಅಂತ ಶುರುವಾಗಿತ್ತು. ಸೋಮವಾರ ಮಕ್ಕಳು ಬಿಳಿ ಸಮವಸ್ತ್ರ ಹಾಕಿಕೊಂಡು ಬರಬೇಕು, ಅಷ್ಟೇ ವಿಷಯ. ವಾರ್ಡ್ ಅಂದರೆ ನಿನ್ನ ಮಗಳೇ ಮಾರಾಯ್ತಿ, ಹೆದರಬೇಡ ಅಂದೆ. ಅವಳಿಗೆ ಉಸಿರು ಬಂತು. ನನಗೆ ಮಾತ್ರ ಆ ರಾತ್ರಿ ಅದೇ ತಲೆಯಲ್ಲಿ ಉಳಿಯಿತು. "ನಿಮ್ಮ ಮಗಳು" ಅಂತ ಬರೆಯಬೇಕಾದಲ್ಲಿ ತಾಯಿಗೆ ಅರ್ಥವಾಗದ, ಕೇಳಿದರೆ ಎದೆ ಝಲ್ಲೆನ್ನುವ ಮಾತೊಂದನ್ನು ಬರೆದು ಕಳಿಸುತ್ತೇವಲ್ಲ, ಇದನ್ನು ಯಾರಾದರೂ ಒಬ್ಬರು ಹೇಳಬೇಡವೇ?

ಈ ಫೋನು ಬೇಲಿ ದಾಟಿ ಬರುವುದಕ್ಕೆ ಶುರುವಾದದ್ದು ಹೋದ ಅಡಿಕೆ ಕೊಯ್ಲಿನ ಕಾಲದಲ್ಲಿ. ಅದಕ್ಕೂ ಮೊದಲು ಶಾಲೆಯ ಸುದ್ದಿಯೆಲ್ಲ ಗಂಡನ ಫೋನಿಗೆ ಬರುತ್ತಿತ್ತು. ಸೇರಿಸುವಾಗ ಅರ್ಜಿಯಲ್ಲಿ ಬರೆಸಿದ್ದು ಅವನ ನಂಬರು. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಗಂಡ ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಒಂದು ಬುಧವಾರ ರಾತ್ರಿ ಒಂಬತ್ತೂವರೆಯ ಮೇಲೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಿತ್ತು: ನಾಳೆ ಶಿಕ್ಷಕರ ತರಬೇತಿ ಇರುವುದರಿಂದ ಹನ್ನೆರಡೂವರೆಗೆ ಶಾಲೆ ಬಿಡುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಆ ಹೊತ್ತಿಗೆ ಗಂಡ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಿದ್ದ. ಸಿಗ್ನಲ್ ಇರಲಿಲ್ಲ. ಆಮೇಲೆ ಫೋನಿನ ಚಾರ್ಜೂ ಹೋಯಿತು.

ಮರುದಿನ ತಾಯಿ ಎಂದಿನಂತೆ ಮಗಳನ್ನು ಶಾಲೆಗೆ ಬಿಟ್ಟು ಅಡಿಕೆ ಸುಲಿಯುವುದಕ್ಕೆ ಹೋದಳು. ಮಗು ಹನ್ನೆರಡೂವರೆಯಿಂದ ನಾಲ್ಕೂಕಾಲರ ತನಕ ಗೇಟಿನ ಒಳಗಿನ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕೂತಿತ್ತು. ಶಾಲೆಯ ಆಯಾ ತಾನೂ ಮನೆಗೆ ಹೋಗದೆ ಜೊತೆಗೆ ಕೂತಳು, ತನ್ನ ಬುತ್ತಿಯಿಂದ ತಿನ್ನಿಸಿದಳು, ಆಕೆಗೆ ಪುಣ್ಯ ಬರಲಿ. ಸಂಜೆ ತಾಯಿ ಮಗಳು ಮನೆಗೆ ಬಂದಾಗ ನಾನು ಅಂಗಳದಲ್ಲಿದ್ದೆ. ಮಗುವಿನ ಕೆನ್ನೆಯ ಮೇಲೆ ಅತ್ತು ಒಣಗಿದ ಗೆರೆಗಳಿದ್ದವು. ತಾಯಿಯ ಬೆರಳುಗಳಲ್ಲಿ ಹಸಿ ಅಡಿಕೆಯ ಕಪ್ಪು ಇನ್ನೂ ಹಾಗೇ ಇತ್ತು. "ಎಲ್ರೂ ಬಂದು ಕರ್ಕೊಂಡು ಹೋದ್ರಂತೆ ಅಕ್ಕೋರೇ, ನಾನೊಬ್ಳೇ ಬರ್ಲಿಲ್ಲ" ಅಂತ ಹೇಳಿ ಬೇಲಿ ಹಿಡಿದುಕೊಂಡು ನಿಂತಳು.

ಮಾರನೆಯ ದಿನ ನಾನೇ ಅವಳ ಜೊತೆ ಶಾಲೆಗೆ ಹೋದೆ. ಜಗಳ ಆಡುವುದಕ್ಕಲ್ಲ. ಇಡೀ ಆಯುಷ್ಯ ಶಾಲೆಯಲ್ಲೇ ಕಳೆದವಳಿಗೆ ಟೀಚರುಗಳ ಕಷ್ಟ ಗೊತ್ತು. ಮುಖ್ಯ ಶಿಕ್ಷಕಿ ಒಳ್ಳೆಯ ಹೆಂಗಸು, ಕುರ್ಚಿ ಕೊಟ್ಟು ಕೂರಿಸಿದರು. "ಗ್ರೂಪಿಗೆ ಹಾಕಿದ್ದೆವಲ್ಲ ಮೇಡಂ" ಅಂದರು. ಕ್ಲಾಸ್ ಟೀಚರು ತಮ್ಮ ಫೋನು ತಂದು ಮೆಸೇಜು ತೋರಿಸಿದರು. ಆಗ ನಾನು, ಆ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ಅಂತ ಇರುವುದನ್ನು ತೆಗೆಯಮ್ಮ ಅಂದೆ. ಯಾರು ಓದಿದ್ದಾರೆ, ಯಾರಿಗೆ ಮುಟ್ಟಿದೆ ಅನ್ನುವ ಪಟ್ಟಿ ತೆರೆಯಿತು. ನಮ್ಮ ಲಾರಿ ಡ್ರೈವರನ ಹೆಸರು ಎರಡರಲ್ಲೂ ಇರಲಿಲ್ಲ. ಅವನೊಬ್ಬನೇ ಅಲ್ಲ, ಇನ್ನೂ ನಾಲ್ಕು ಜನರ ಹೆಸರು ಇರಲಿಲ್ಲ. ಆ ನಾಲ್ಕು ಮಕ್ಕಳು ವ್ಯಾನಿನಲ್ಲಿ ಹೋಗುವವರಾದ್ದರಿಂದ ಪಾರಾದರು. ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ಹೀಗೊಂದಿದೆ ಅಂತ ನನಗೆ ಗೊತ್ತಿರಲಿಲ್ಲ ಮೇಡಂ" ಅಂದಳು. ಆ ಪಟ್ಟಿ ನೋಡುವುದು ಒಂದು ನಿಮಿಷದ ಕೆಲಸ. ಬೆಳಗ್ಗೆ ಎಂಟಕ್ಕೆ ನೋಡಿ ಆ ಐದು ಮನೆಗೆ ಹೇಗಾದರೂ ಸುದ್ದಿ ಮುಟ್ಟಿಸಿದ್ದರೆ ಸಾಕಿತ್ತು.

ನಾನು ಹೇಳಬೇಕೆಂದಿರುವುದು ಇದೇ. ಮೆಸೇಜು ಕಳಿಸಿದ ಕೂಡಲೇ ಶಾಲೆಯ ಕೆಲಸ ಮುಗಿಯಿತು ಅನ್ನುವ ಭಾವನೆ ಹೇಗೋ ಬಂದುಬಿಟ್ಟಿದೆ. ಮುಟ್ಟಿತೇ ಅಂತ ನೋಡುವುದೂ ಶಾಲೆಯದೇ ಕೆಲಸ. ನಮ್ಮ ಕಾಲದಲ್ಲಿ ಸುದ್ದಿ ಹೋಗುತ್ತಿದ್ದದ್ದು ಚೀಟಿಯಲ್ಲಿ. ಮಗುವಿನ ಕೈಯಲ್ಲಿ ಚೀಟಿ ಕಳಿಸಿದರೆ ಮರುದಿನ ತಂದೆಯದೋ ತಾಯಿಯದೋ ಸಹಿ ಹಾಕಿಸಿಕೊಂಡು ಬರಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಚೀಟಿ ವಾಪಸು ಬರಲಿಲ್ಲ ಅಂದರೆ ನಾವೇ ಸಂಜೆ ಆ ಮನೆಯ ಕಡೆ ಹೋಗಿ ಬರುತ್ತಿದ್ದೆವು. ಚೀಟಿ ಕಳೆದೂ ಹೋಗುತ್ತಿತ್ತು, ಮಳೆಯಲ್ಲಿ ನೆನೆದು ಮುದ್ದೆಯೂ ಆಗುತ್ತಿತ್ತು, ಅದೇನು ದೊಡ್ಡ ವ್ಯವಸ್ಥೆ ಅಂತ ನಾನು ಹೇಳುತ್ತಿಲ್ಲ. ಆದರೆ ಮುಟ್ಟಿದ್ದು ಯಾರಿಗೆ, ಮುಟ್ಟದ್ದು ಯಾರಿಗೆ ಅನ್ನುವುದು ನಮಗೆ ಗೊತ್ತಿರುತ್ತಿತ್ತು.

ನೀಲಿ ಟಿಕ್ಕನ್ನೂ ಪೂರ್ತಿ ನಂಬಬೇಡಿ ಅಂತ ಟೀಚರಿಗೆ ಹೇಳಿ ಬಂದೆ. ಮನೆಯಲ್ಲಿ ಆ ಫೋನು ಹೆಚ್ಚು ಹೊತ್ತು ಇರುವುದು ಮಕ್ಕಳ ಕೈಯಲ್ಲಿ. ಆಟ ಆಡುತ್ತ ಮಗು ಗ್ರೂಪು ತೆರೆದರೆ ಆ ಮನೆಯ ಹೆಸರು ನೀಲಿ ಟಿಕ್ಕಿನ ಪಟ್ಟಿಗೆ ಸೇರುತ್ತದೆ. ಅಪ್ಪ ಅಮ್ಮ ಓದಿದರು ಅಂತ ಶಾಲೆ ಎಣಿಸುತ್ತದೆ.

ಭಾಷೆಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ಕಳಿಸಬಾರದೇಕೆ ಅಂತ ಕೇಳಿದೆ. ಮುಖ್ಯ ಶಿಕ್ಷಕಿ ಒಂದು ಲೆಕ್ಕ ಹೇಳಿದರು, ಅದು ಸುಳ್ಳಲ್ಲ. ಮೊದಲು ಅವರ ಶಾಲೆಯಲ್ಲಿ ಎಸ್ಸೆಮ್ಮೆಸ್ ಕಳಿಸುತ್ತಿದ್ದರಂತೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಬಂದರೆ ಅದು 70ಕ್ಕೆ ಇಳಿಯುತ್ತದೆ. ಆ 70ರಲ್ಲೂ ನಾವು ಒಂದು ಅಕ್ಷರ ಅಂದುಕೊಳ್ಳುವುದನ್ನು ಯಂತ್ರ ಒಂದು ಅಂತ ಎಣಿಸುವುದಿಲ್ಲ. ಕಾಗುಣಿತದ ಚಿಹ್ನೆಯನ್ನು ಬೇರೆ, ಒತ್ತಕ್ಷರವನ್ನು ಬೇರೆ ಎಣಿಸುತ್ತದೆ. "ಪ್ರೀತಿಯ ಪಾಲಕರೇ" ಅಂತ ಬರೆದು ನೋಡಿ. ನಮ್ಮ ಕಣ್ಣಿಗೆ ಏಳೇ ಅಕ್ಷರ. ಅದರ ಲೆಕ್ಕದಲ್ಲಿ ನಡುವಿನ ಖಾಲಿ ಜಾಗವೂ ಸೇರಿ ಹದಿನಾಲ್ಕು. ಬಾಯ್ತುಂಬ ಕರೆಯುವುದರೊಳಗೇ ಐದರಲ್ಲಿ ಒಂದು ಪಾಲು ಮುಗಿದುಹೋಯಿತು! ಇಂಗ್ಲಿಷಿನಲ್ಲಿ ಒಂದರಲ್ಲಿ ಮುಗಿಯುವ ಸುದ್ದಿ ಕನ್ನಡದಲ್ಲಿ ಎರಡು ಮೂರು ಎಸ್ಸೆಮ್ಮೆಸ್ ಆಗುತ್ತದೆ, ದುಡ್ಡೂ ಅಷ್ಟು ಪಟ್ಟು. ಸಾಲದ್ದಕ್ಕೆ ಈಗ ದೂರಸಂಪರ್ಕ ಪ್ರಾಧಿಕಾರ ಟ್ರಾಯ್ ನಿಯಮದ ಪ್ರಕಾರ ಸಂಸ್ಥೆಗಳು ಕಳಿಸುವ ಎಸ್ಸೆಮ್ಮೆಸ್ಸಿನ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಹಾಗಾಗಿ ಇಂಗ್ಲಿಷಿನ ನಾಲ್ಕು ಒಕ್ಕಣೆ ನೋಂದಾಯಿಸಿ ಅದನ್ನೇ ನಡೆಸಿಕೊಂಡು ಬಂದರು.

ಒಪ್ಪಿದೆ. ಆದರೆ ಈಗ ಕಳಿಸುತ್ತಿರುವುದು ವಾಟ್ಸಾಪಿನಲ್ಲಿ. ಅಲ್ಲಿ 70ರ ಲೆಕ್ಕವೂ ಇಲ್ಲ, ಹೆಚ್ಚಿನ ದುಡ್ಡೂ ಇಲ್ಲ. ಖರ್ಚು ಹೋದರೂ ಇಂಗ್ಲಿಷ್ ಹೋಗಲಿಲ್ಲ. ಅದೇ ಹಳೆಯ ಒಕ್ಕಣೆಯನ್ನು ಅಂಟಿಸಿ ಅಂಟಿಸಿ ಕಳಿಸುತ್ತಿದ್ದಾರೆ. ಇಂಗ್ಲಿಷ್ ಮೀಡಿಯಂ ಓದುವುದು ಮಗು, ತಾಯಿಯಲ್ಲ. ಮಗಳಿಗಾದರೂ ಇಂಗ್ಲಿಷ್ ಬರಲಿ ಅಂತ ಅಡಿಕೆ ಸುಲಿದ ದುಡ್ಡಿನಲ್ಲಿ ಫೀಸು ಕಟ್ಟುವ ತಾಯಿಗೆ ಅದೇ ಇಂಗ್ಲಿಷನ್ನು ಬಾಗಿಲಿನ ಅಡ್ಡಪಟ್ಟಿ ಮಾಡಿ ಇಡುವುದು ನ್ಯಾಯವಲ್ಲ.

ನಂಬರುಗಳ ಗೋಳು ಇನ್ನೊಂದು ಬಗೆ. ಕೆಲವು ಟೀಚರುಗಳು ಗ್ರೂಪು ಬೇಡವೆಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡಿರುತ್ತಾರೆ. ಒಳ್ಳೆಯದೇ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಅದರಲ್ಲಿ ಒಂದು ತೊಡಕಿದೆ. ಟೀಚರ ನಂಬರನ್ನು ಪಾಲಕರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಆ ಮೆಸೇಜು ಮುಟ್ಟುತ್ತದೆ. ಉಳಿಸಿಕೊಳ್ಳದವರಿಗೆ ಬಂದದ್ದೂ ಗೊತ್ತಿಲ್ಲ, ಬಾರದ್ದೂ ಗೊತ್ತಿಲ್ಲ. ಹೆಸರು ಉಳಿಸಿಕೊಳ್ಳುವುದು ಹೇಗೆಂದು ತಿಳಿಯದ ತಾಯಂದಿರು ನಮ್ಮ ಕೇರಿಯಲ್ಲೇ ಆರೇಳು ಜನ ಇದ್ದಾರೆ. ಮೂರು ತಿಂಗಳು ಬಳಸದೆ ಬಿಟ್ಟ ಸಿಮ್ಮು ಕಟ್ಟಾಗುತ್ತದೆ, ಮುಂದೊಂದು ದಿನ ಆ ನಂಬರು ಬೇರೆ ಯಾರದೋ ಪಾಲಾಗುತ್ತದೆ. ಶಾಲೆಯ ದಾಖಲೆಯಲ್ಲಿ ಮಾತ್ರ ಅದೇ ನಂಬರು ಇರುತ್ತದೆ. ನಿಮ್ಮ ಮಗನ ಜ್ವರದ ಸುದ್ದಿ ಗುರುತಿಲ್ಲದ ಯಾರದೋ ಜೇಬಿನಲ್ಲಿ ಟಣ್ ಅನ್ನುತ್ತದೆ.

ಇಲ್ಲಿ ಸರ್ಕಾರಿ ಶಾಲೆಯ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಜನ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸಮಿತಿಗೆ ತಾಯಂದಿರು ಬೇಕು ಅಂತ ಕಾನೂನೇ ಹೇಳಿರುವಾಗ ಹಾಜರಿ ಪುಸ್ತಕದ ಮೊಬೈಲ್ ಕಾಲಮ್ಮಿನಲ್ಲಿ ತಂದೆಯ ನಂಬರು ಒಂದೇ ಏಕೆ ಇರಬೇಕು? ಊಟ ಕಟ್ಟುವವಳು, ಕರೆತರುವವಳು, ಜ್ವರ ಬಂದರೆ ಪಕ್ಕದಲ್ಲಿ ಕೂರುವವಳು ತಾಯಿ. ಆಕೆಯ ನಂಬರು ಮೊದಲು ಇರಬೇಕು, ಅಪ್ಪನದು ಎರಡನೆಯದು ಆಗಲಿ.

ನನಗೆ ಸಿಟ್ಟು ಬಂದದ್ದು ಇನ್ನೊಂದು ವಿಷಯಕ್ಕೆ. ಒಂದು ಸಂಜೆ ಬೇಲಿಯಾಚೆಯಿಂದ ಬಂದ ಫೋನಿನಲ್ಲಿ ಇಡೀ ಕ್ಲಾಸಿನ ಅಂಕಪಟ್ಟಿಯ ಫೋಟೋ ಇತ್ತು. ಯಾರಿಗೆ ಎಷ್ಟು, ಯಾರು ಕೊನೆ, ಎಲ್ಲ ಹೆಸರಿನ ಸಮೇತ. ಪಕ್ಕದಲ್ಲೇ ಫೀಸು ಬಾಕಿ ಇರುವವರ ಪಟ್ಟಿ. ಎಂಟು ವರ್ಷದ ಮಗು ಗಣಿತದಲ್ಲಿ ಹನ್ನೊಂದು ತೆಗೆದದ್ದು ಅವರ ಮನೆಯವರಿಗೆ ಗೊತ್ತಾದರೆ ಸಾಕು, ನಲವತ್ತು ಮನೆಗೆ ಗೊತ್ತಾಗಬೇಕಾಗಿಲ್ಲ. ಇದು ಬರೀ ಮುದುಕಿಯ ಗೊಣಗಾಟ ಅಂದುಕೊಳ್ಳಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. 18 ವರ್ಷದ ಒಳಗಿನವರೆಲ್ಲ ಅದರ ಪಾಲಿಗೆ ಮಕ್ಕಳು, ಅವರ ವಿವರ ಬಳಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುವುದು ಅದರ ಮೂಲ ಮಾತು. ಕಾಯ್ದೆ ಇಲ್ಲದಿದ್ದರೂ ಇದು ಮಾಡಬಾರದ ಕೆಲಸವೇ. ಅಂಕವನ್ನು ಅವರವರಿಗೆ ಬೇರೆ ಬೇರೆ ಕಳಿಸಲಿ, ಫೀಸಿನ ಮಾತನ್ನು ಕೂರಿಸಿ ಎದುರಿಗೇ ಆಡಲಿ.

ಇಷ್ಟು ಹೇಳಿದ ಮೇಲೆ ಟೀಚರುಗಳ ಪಾಡನ್ನೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸರ್ಕಾರಿ ಶಾಲೆಯ ಟೀಚರೊಬ್ಬಳ ಫೋನು ತೆಗೆದು ನೋಡಿ. ಸಿಆರ್‌ಪಿ ಗ್ರೂಪು ಒಂದು, ಬಿಇಒ ಕಚೇರಿಯ ಗ್ರೂಪು ಒಂದು, ಬಿಸಿಯೂಟದ್ದು ಒಂದು, ತರಬೇತಿಯದು ಒಂದು. ಇವತ್ತು ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ ಅಂತ ಲೆಕ್ಕ ಕಳಿಸಬೇಕು. ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ವಿವರ ತುಂಬಬೇಕು. ಫೋನು ಅವಳದೇ, ರೀಚಾರ್ಜೂ ಅವಳದೇ ದುಡ್ಡು. ರಾತ್ರಿ ಹತ್ತಕ್ಕೆ ಯಾರೋ ಪಾಲಕರು "ಮಿಸ್, ನಾಳೆ ಹೋಂವರ್ಕ್ ಏನು?" ಅಂತ ಕೇಳುತ್ತಾರೆ. ಒಲೆಯ ಮುಂದೆ ನಿಂತವಳು ಕೈ ಒರೆಸಿಕೊಂಡು ಉತ್ತರ ಬರೆಯುತ್ತಾಳೆ. ಪಾಲಕರ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ದೇವರ ಪಟ, ರಾಜಕೀಯ ಎಲ್ಲ ಬಂದು ಬಿದ್ದು ಶಾಲೆಯ ಸುದ್ದಿ ಅಡಿಗೆ ಹೋದಾಗ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕಿಬಿಡುತ್ತಾರೆ. 2018ರಿಂದ ಆ ಸೌಲಭ್ಯ ಇದೆ. ಬೀಗ ಹಾಕಿದವರನ್ನು ನಾನು ದೂರುವುದಿಲ್ಲ. ಆದರೆ ಬೀಗ ಹಾಕಿದ ಮೇಲೆ ತಾಯಿ ತನ್ನ ಮಾತನ್ನು ಎಲ್ಲಿ ಹೇಳಬೇಕು ಅನ್ನುವುದನ್ನೂ ತಿಳಿಸಬೇಕು. "ನಿನ್ನೆಯಿಂದ ಮಗು ಊಟ ಬಿಟ್ಟಿದೆ, ಕ್ಲಾಸಿನಲ್ಲಿ ಏನಾದರೂ ಆಯಿತೇ?" ಇಂಥ ಮಾತಿಗೆ ಒಂದು ಹೊತ್ತು, ಒಂದು ನಂಬರು ಇರಲಿ. ಸಂಜೆ ಐದರಿಂದ ಆರರ ತನಕ ಅಂತ ಗೊತ್ತುಮಾಡಿದರೆ ಟೀಚರಿಗೂ ಬಿಡುವು, ತಾಯಿಗೂ ಧೈರ್ಯ.

ನಮ್ಮ ಕಡೆ ಜುಲೈ ಬಂತೆಂದರೆ ರಜೆಯ ಸುದ್ದಿಗಳ ಹಾವಳಿ ಬೇರೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆದರೆ ಹೋದ ವರ್ಷದ ಆದೇಶವನ್ನೇ ಯಾರೋ ಮತ್ತೆ ಹರಿಯಬಿಡುತ್ತಾರೆ. ಬೆಳಗ್ಗೆ ಏಳಕ್ಕೆ ಬೇಲಿಯ ಹತ್ತಿರ ಎಷ್ಟು ಸಲ ಪಂಚಾಯಿತಿ ಆಗಿದೆಯೋ! ನಾನು ಹೇಳುವುದು ಇಷ್ಟೇ: ಮೊದಲು ದಿನಾಂಕ ನೋಡಿ, ಆಮೇಲೆ ಸಹಿ ನೋಡಿ, ಶಾಲೆಯ ಗ್ರೂಪಿನಲ್ಲಿ ಬಾರದೆ ಮಗುವಿನ ಚೀಲ ಕೆಳಗಿಡಬೇಡಿ. ಗಾಬರಿಗೆ ಮಳೆಯೇ ಆಗಬೇಕೆಂದಿಲ್ಲ. ಬೆಂಗಳೂರಿನಲ್ಲಿ 2023ರ ಡಿಸೆಂಬರ್ 1ರಂದು ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದು, ಅಪ್ಪ ಅಮ್ಮಂದಿರು ಕಚೇರಿ ಬಿಟ್ಟು ಓಡಿದ್ದರಲ್ಲ. ಹುಸಿ ಬೆದರಿಕೆ ಅಂತ ಆಮೇಲೆ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಮಗು ಎಲ್ಲಿದೆ, ಯಾವ ಗೇಟಿಗೆ ಬರಬೇಕು, ಈ ಎರಡು ಮಾತು ಶಾಲೆಯ ಬಾಯಿಂದಲೇ ಮನೆಯ ಮಾತಿನಲ್ಲಿ ಬರಬೇಕು. ಉದ್ದದ ಇಂಗ್ಲಿಷ್ ಪತ್ರ ಆಗ ಯಾರಿಗೆ ಬೇಕು?

ಎಲ್ಲರ ಕೈಗೂ ಫೋನು ಬಂದಿದೆ ಅನ್ನುವವರಿಗೆ ಕೊರೋನಾ ವರ್ಷ ಮರೆತಿರಬೇಕು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಪಾಠ ಫೋನಿಗೆ ಹೋಯಿತು. ನಮ್ಮ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಯ ಊರುಗಳಲ್ಲಿ ಸಿಗ್ನಲ್ಲಿಗೆ ಮಕ್ಕಳು ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಕೂತರು. ಆ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಅನ್ನುವ ಯೋಜನೆ ಶುರುಮಾಡಿತು. ಫೋನು ಇಲ್ಲದ ಮಕ್ಕಳನ್ನು ಹುಡುಕಿಕೊಂಡು ಟೀಚರುಗಳಾದ ನಾವೇ ಹೋಗಬೇಕಿತ್ತು. ದೇವಸ್ಥಾನದ ಜಗಲಿ, ಮರದ ಕಟ್ಟೆ, ಯಾರದೋ ಮನೆಯ ಚಾವಡಿ, ಎಲ್ಲ ಕಡೆ ಕೂತು ಪಾಠ ಮಾಡಿದೆ. ಒಂದು ಮನೆಯಲ್ಲಿ ಒಬ್ಬಳು ಅಜ್ಜಿ ನನ್ನ ಕೈ ಹಿಡಿದು, "ಫೋನಿಲ್ಲ ಅಂತ ನಮ್ಮನ್ನ ಬಿಟ್ಟೇಬಿಟ್ರಿ ಅಂದ್ಕಂಡಿದ್ದೆ" ಅಂದಳು. ಅವತ್ತಿನಿಂದ, ಗ್ರೂಪಿನಲ್ಲಿ ಇಲ್ಲದ ಮನೆ ಯಾವುದು ಅಂತ ಮೊದಲು ಎಣಿಸುವುದು ನನಗೆ ರೂಢಿಯಾಯಿತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಅಂಥ ಮನೆ ಮೂರೋ ನಾಲ್ಕೋ ಇರುತ್ತವೆ. ಅವರಿಗೆ ಇವತ್ತಿಗೂ ಚೀಟಿಯೇ ಆಗಬೇಕು.

ಮತ್ತೆ ನಮ್ಮ ಬೇಲಿಗೆ ಬರೋಣ. ಮಗು ಕಾದು ಕೂತ ಆ ಗುರುವಾರದ ನಂತರ ಅವಳ ಅಣ್ಣ ತಾನು ಬಳಸಿದ ದೊಡ್ಡ ಫೋನೊಂದನ್ನು ಕೊಟ್ಟ. ಮುಖ್ಯ ಶಿಕ್ಷಕಿ ಅವಳ ನಂಬರನ್ನು ಸೇರಿಸಿಕೊಂಡರು. ಇಂಗ್ಲಿಷ್ ಮೆಸೇಜು ಪೂರ್ತಿ ನಿಂತಿಲ್ಲ, ವಾರ್ಡ್ ಅನ್ನುವ ಮಾತು ಬಂದದ್ದು ಮೊನ್ನೆಯೇ ಅಲ್ಲವೇ. ಆದರೆ ಕ್ಲಾಸ್ ಟೀಚರು ಒಂದು ಒಳ್ಳೆಯ ಕೆಲಸ ಶುರುಮಾಡಿದ್ದಾಳೆ. ಮುಖ್ಯವಾದ ಸುದ್ದಿಯಿದ್ದರೆ ಮೈಕಿನ ಗುರುತು ಒತ್ತಿ ಹಿಡಿದು ಕನ್ನಡದಲ್ಲಿ ಹೇಳಿ ಕಳಿಸುತ್ತಾಳೆ. ಮೊದಲನೆಯದು ಬಂದ ದಿನ ನಾವಿಬ್ಬರೂ ಬೇಲಿಯ ಹತ್ತಿರ ನಿಂತು ಕೇಳಿದೆವು. "ಅಮ್ಮ, ನಾಳೆ ಶುಕ್ರವಾರ ಮಕ್ಕಳಿಗೆ ಹಲ್ಲಿನ ತಪಾಸಣೆ ಇದೆ. ಬೆಳಗ್ಗೆ ಚೆನ್ನಾಗಿ ಹಲ್ಲುಜ್ಜಿಸಿ ಕಳಿಸಿ. ಬಿಡುವುದು ಎಂದಿನ ಹಾಗೆ ನಾಲ್ಕಕ್ಕೇ." ಇಪ್ಪತ್ತು ಸೆಕೆಂಡು ಇರಲಿಲ್ಲ. ಅವಳು ಎರಡು ಸಲ ಕೇಳಿದಳು. ಮೂರನೆಯ ಸಲ ನನ್ನನ್ನು ಕೇಳದೆ ತಾನೇ ಮೈಕು ಒತ್ತಿ ಹಿಡಿದು, "ಆಯ್ತು ಟೀಚರೇ, ಕಳಿಸ್ತೀನಿ" ಅಂದಳು. ಆ ಶಾಲೆಗೆ ಅವಳು ಉತ್ತರ ಕೊಟ್ಟದ್ದು ಅದೇ ಮೊದಲು.

ಟೀಚರುಗಳೇ, ಇವತ್ತಿನ ಮೆಸೇಜನ್ನು ಬರೆಯುವ ಬದಲು ಬಾಯಲ್ಲಿ ಹೇಳಿ ಕಳಿಸಿ ನೋಡಿ. ಬೆಳಗ್ಗೆ ಒಂದು ಸಲ ಯಾರಿಗೆ ಮುಟ್ಟಿಲ್ಲ ಅಂತ ಪಟ್ಟಿ ತೆಗೆಯಿರಿ. ಅಪ್ಪಂದಿರೇ, ನಾಳೆಯೇ ಶಾಲೆಗೆ ಹೋಗಿ ನಿಮ್ಮ ನಂಬರಿನ ಜೊತೆ ಮನೆಯಾಕೆಯ ನಂಬರನ್ನೂ ಬರೆಸಿ. ಇನ್ನು ಓದುಬರಹ ಬಲ್ಲ ನೀವು, ನಿಮ್ಮ ಬೇಲಿಯ ಆಚೆಗೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಕೇಳಲು ಸಂಕೋಚಪಟ್ಟುಕೊಂಡು ಸುಮ್ಮನಿರುತ್ತಾಳೆ. ಇವತ್ತು ಸಂಜೆ ನೀವೇ ಕರೆದು ಕೇಳಿ: "ಶಾಲೆಯಿಂದ ಏನಾದ್ರೂ ಬಂದಿದೆಯೇನಮ್ಮ? ಕೊಡು, ಓದಿ ಹೇಳ್ತೀನಿ."